ಕೊನಸಾಗಾ ಹೊಳೆಗೆ ಶಾಲಾ ಸ್ನಾರ್ಕಲಿಂಗ್ ಪ್ರವಾಸ: ಮಾಸ್ಕ್, ಕಾವಲು, ಚಳಿ, ಮೀನು

ಆಲ್ಫರೆಟ್ಟಾ ಪೋಷಕಿ

ಎಲ್ಲರಿಗೂ ನಮಸ್ಕಾರ. ಮಗಳ 5ನೇ ತರಗತಿಯವರನ್ನು ಜಾರ್ಜಿಯಾ-ಟೆನೆಸಿ ಗಡಿಯ ಕೊನಸಾಗಾ ಹೊಳೆಗೆ ಸ್ನಾರ್ಕಲಿಂಗ್‌ಗೆ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರೊಳಗೆ ನೋಡುವುದು) ಕರೆದುಕೊಂಡು ಹೋಗುತ್ತಾರಂತೆ. 24 ಮಕ್ಕಳು, ಮೇ ಮೂರನೇ ವಾರ. ಜೊತೆಗೆ ಬರುವ ಪೋಷಕರಿಗೂ ಕೆಲಸ ಹಂಚುತ್ತಾರೆ. ನಮ್ಮ ಕನ್ನಡದ ಮನೆಗಳ ಮಕ್ಕಳೇ ಐದಾರು ಜನ ಇದ್ದಾರೆ, ಅವರಲ್ಲಿ ಕೆಲವರಿಗೆ ಈಜು ಬಾರದು, ಅರ್ಧದಷ್ಟು ಜನಕ್ಕೆ ಕನ್ನಡಕ. ನೀರು ಎಷ್ಟು ತಣ್ಣಗಿರುತ್ತದೆ, ಹಾವುಗಳ ಗತಿ ಏನು, ಮುಖ್ಯವಾಗಿ ಹೊಳೆಯೊಳಗೆ ನೋಡುವಂಥದ್ದು ಏನಿರುತ್ತದೆ? ಸ್ನಾರ್ಕಲಿಂಗ್ ಅಂದರೆ ಸಮುದ್ರ, ಹವಳ ಎಂದಷ್ಟೇ ನಾವೆಲ್ಲ ತಿಳಿದಿರುವುದು. ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಹೊಳೆದಂಡೆ

ಸಮುದ್ರದ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ ಮೇಡಂ. ಹೊಳೆಯಲ್ಲಿ ಮಕ್ಕಳು ಈಜುವುದಿಲ್ಲ, ತೆವಳುತ್ತಾರೆ. ಮೊಣಕಾಲಿನಿಂದ ತೊಡೆಮಟ್ಟದವರೆಗಿನ ನೀರಿನಲ್ಲಿ ಬೋರಲು ಮಲಗಿ, ಮುಖ ಮುಳುಗಿಸಿ, ತಳದ ದೊಡ್ಡ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುವುದು. ಕಾಲು ಹಿಂದೆ ಸುಮ್ಮನೆ ತೇಲುತ್ತಿರುತ್ತದೆ. ಹಾಗಾಗಿ ಕಾಲಿಗೆ ಫಿನ್ (ಈಜುವ ರಬ್ಬರ್ ರೆಕ್ಕೆ) ಬೇಡವೇ ಬೇಡ. ಆಳವಿಲ್ಲದ ಕಡೆ ಫಿನ್ ಬಡಿದರೆ ಮಣ್ಣೆದ್ದು ಹಿಂದಿನ ಮಗುವಿಗೆ ಏನೂ ಕಾಣುವುದಿಲ್ಲ, ಅದರ ಮುಖಕ್ಕೂ ಏಟು.

ಯಾವಾಗಲೂ ಹರಿವಿಗೆ ಎದುರಾಗಿ, ಮೇಲ್ಮುಖವಾಗಿಯೇ ಹೋಗಬೇಕು. ಕೆದರಿದ ಮಣ್ಣು ಹಿಂದಕ್ಕೆ ಹೋಗುತ್ತದೆ, ಕಣ್ಣ ಮುಂದೆ ನೀರು ತಿಳಿಯಾಗಿಯೇ ಇರುತ್ತದೆ. ಮೀನುಗಳು ಬಹುತೇಕ ಹರಿವಿಗೆ ಮುಖಮಾಡಿ ನಿಂತಿರುತ್ತವೆ, ನಾವು ಹಿಂದಿನಿಂದ ಬರುವುದರಿಂದ ಬೇಗ ಬೆದರುವುದಿಲ್ಲ. ಮಗು ಸುಸ್ತಾದರೆ ಕೈಬಿಟ್ಟರೂ ಹೊರಟ ಜಾಗದ ಕಡೆಗೇ ತೇಲಿ ಬರುತ್ತದೆ, ಗೊತ್ತಿಲ್ಲದ ಮಡುವಿನ ಕಡೆಗಲ್ಲ. ಕೆಳಮುಖವಾಗಿ ತೇಲಿಕೊಂಡು ಹೋಗುವುದು ಮಕ್ಕಳಿಗೆ ಬಲು ಇಷ್ಟ, ಆದರೆ ಅದರಲ್ಲಿ ಮೀನೂ ಕಾಣುವುದಿಲ್ಲ, ಹಿಡಿತವೂ ಇರುವುದಿಲ್ಲ.

ಈ ಹೊಳೆಯನ್ನೇ ಆರಿಸುವುದಕ್ಕೆ ಕಾರಣವಿದೆ. ಜಾರ್ಜಿಯಾದ ಕೊಹುಟ್ಟಾ ಬೆಟ್ಟಗಳ ದಟ್ಟ ಕಾಡಿನಲ್ಲಿ ಹುಟ್ಟಿ, ಟೆನೆಸಿಯೊಳಗೆ ಸ್ವಲ್ಪ ದೂರ ಹರಿದು, ಮತ್ತೆ ಜಾರ್ಜಿಯಾಕ್ಕೆ ಮರಳುತ್ತದೆ. ಮೇಲ್ಭಾಗವೆಲ್ಲ ಕಾಡಾದ್ದರಿಂದ ಮಣ್ಣು ಕೊಚ್ಚಿ ಬರುವುದು ಕಡಿಮೆ, ನೀರು ಗಾಜಿನಂತೆ. ಮುಂದೆ ಇದು ಕೂಸಾ, ಅಲಬಾಮಾ ನದಿಗಳ ಮೂಲಕ ಮೊಬೈಲ್ ಕೊಲ್ಲಿ ಸೇರುತ್ತದೆ. 70ಕ್ಕೂ ಹೆಚ್ಚು ಜಾತಿಯ ಮೀನುಗಳು ಈ ಒಂದೇ ಹೊಳೆಯಲ್ಲಿವೆ. ಚೆರೋಕಿ ರಾಷ್ಟ್ರೀಯ ಅರಣ್ಯದ ಒಳಗೆ ಸ್ನಾರ್ಕಲಿಂಗ್‌ಗೆಂದೇ ಹೆಸರಾದ ಜಾಗವಿದೆ, ಅಮೆರಿಕದ ಅರಣ್ಯ ಸೇವೆಯವರು ಶಾಲಾ ಗುಂಪುಗಳಿಗೆ ಮಾರ್ಗದರ್ಶನವನ್ನೂ ಕೊಡುತ್ತಾ ಬಂದಿದ್ದಾರೆ. ಶಾಲೆಯವರು ಅವರ ಮೂಲಕವೇ ಹೋಗುವುದು ಒಳ್ಳೆಯದು.

ಒಂದು ಸಲಹೆ: ದಿನಾಂಕ ಬದಲಿಸಲು ಸಾಧ್ಯವಿದ್ದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ಭಾಗ ಕೇಳಿ ನೋಡಿ. ಆಗ ಹರಿವು ಇಳಿದಿರುತ್ತದೆ, ನೀರು ಬೆಚ್ಚಗಿರುತ್ತದೆ. ಮೇ ತಿಂಗಳ ಲಾಭವೆಂದರೆ ಗಂಡು ಮೀನುಗಳು ಬೆದೆಯ ಬಣ್ಣ ತಳೆದಿರುತ್ತವೆ. ಬಣ್ಣಕ್ಕಾಗಿ ಚಳಿ ತಡೆಯಬೇಕು, ಅಷ್ಟೇ ವ್ಯತ್ಯಾಸ.

ಕೊಳದ ತರಬೇತಿ

ಮಾಸ್ಕ್ ಬಗ್ಗೆ ಬರೆಯುತ್ತೇನೆ. ಇಂಥ ದಿನ ಹಾಳಾಗುವುದು ಬಹುಪಾಲು ಮಾಸ್ಕ್‌ನಿಂದಲೇ.

ಅಳತೆ ನೋಡುವ ಕ್ರಮ: ಪಟ್ಟಿಯನ್ನು ಮುಂದಕ್ಕೆ ಮಡಚಿ, ಮಾಸ್ಕನ್ನು ಬರೀ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಲು ಹೇಳಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ನಿಂತರೆ ಆ ಮುಖಕ್ಕೆ ಸರಿ. ಬಿದ್ದರೆ ಬೇರೆ ಮಾಸ್ಕ್ ಹುಡುಕಿ, ಪಟ್ಟಿ ಬಿಗಿದರೆ ಆ ದೋಷ ಹೋಗುವುದಿಲ್ಲ. ಅತಿಯಾಗಿ ಬಿಗಿದಾಗ ಅಂಚಿನ ಸಿಲಿಕೋನ್ ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಪಟ್ಟಿ ಕಿವಿಯ ಮಟ್ಟದಲ್ಲಲ್ಲ, ಹಿಂದಲೆಯ ಉಬ್ಬಿನ ಮೇಲೆ ಕೂರಬೇಕು. ಹಣೆಯ ಕೂದಲು ಒಂದೆಳೆ ಒಳಗೆ ಸಿಕ್ಕಿದ್ದರೂ ನೀರು ಬರುತ್ತದೆ. ಹೆಣ್ಣುಮಕ್ಕಳ ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿ, ಮೇಲೆ ಕೊಂಡೆ ಹಾಕಿದರೆ ಪಟ್ಟಿ ಕೂರುವುದಿಲ್ಲ. ಹಿಂದಿನ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಪಟ್ಟಿ ಜಾರುತ್ತಲೇ ಇರುತ್ತದೆ.

ಹೊಸ ಮಾಸ್ಕ್‌ನ ಗಾಜಿನ ಮೇಲೆ ಕಾರ್ಖಾನೆಯ ತೆಳು ಪದರ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಬೆರಳಲ್ಲಿ ಒಳಗಡೆ ಎರಡು ನಿಮಿಷ ಉಜ್ಜಿ ತೊಳೆಯಿರಿ, ಮೂರು ನಾಲ್ಕು ಸಲ. ಗಾಜಿನ ಬದಲು ಪ್ಲಾಸ್ಟಿಕ್ ಇದ್ದರೆ ಇದನ್ನು ಮಾಡಬೇಡಿ, ಗೀರು ಬೀಳುತ್ತದೆ. ನೀರಿಗೆ ಇಳಿಯುವ ಮುನ್ನ ನೀರು ಬೆರೆಸಿದ ಬೇಬಿ ಶಾಂಪೂ ಒಂದು ಹನಿ ಒಳಗೆ ಸವರಿ, ಹೊಳೆಯಿಂದ ದೂರ ಬಾಟಲಿ ನೀರಿನಲ್ಲಿ ಒಮ್ಮೆ ಜಾಲಿಸಿ. ಅಥವಾ ಉಗುಳು. ಉಗುಳು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹೊಳೆಗೂ ಸೋಪು ಸೇರುವುದಿಲ್ಲ.

ಸ್ನಾರ್ಕಲ್ ಸಾದಾ ಕೊಳವೆಯದೇ ಸಾಕು. ಉದ್ದ 40 ಸೆಂ.ಮೀ. ಮೀರಬಾರದು. ಉದ್ದ ಹೆಚ್ಚಿದಷ್ಟೂ ಬಿಟ್ಟ ಉಸಿರೇ ಮತ್ತೆ ಒಳಗೆ ಹೋಗುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್ ಯಾರೇ ತಂದರೂ ಬಸ್ಸಿನಲ್ಲೇ ಇಡಿಸಿ. ಅದರೊಳಗೆ ಇಂಗಾಲದ ಡೈಆಕ್ಸೈಡ್ ಶೇಖರವಾಗುವ ಅಪಾಯವಿದೆ, ಗಾಬರಿಯಾದಾಗ ಮಗು ಅದನ್ನು ಕ್ಷಣದಲ್ಲಿ ಕಿತ್ತುಹಾಕಲಾರದು.

ಹೆದರುವ ಮಗುವಿಗೆ ಸ್ನಾರ್ಕಲ್ ಕೊಡಲೇಬೇಡಿ. ಬರೀ ಮಾಸ್ಕ್ ಹಾಕಿ, ಮೊಣಕಾಲು ಊರಿ, ಹತ್ತು ಸೆಕೆಂಡು ಮುಖ ಮುಳುಗಿಸಿ ಎತ್ತಲಿ. ಒಂದು ಮೀನು ಕಂಡಿತೆಂದರೆ ಕೊಳವೆಯನ್ನು ತಾನೇ ಕೇಳುತ್ತದೆ. ಪ್ರವಾಸಕ್ಕೆ ಒಂದು ವಾರ ಮುಂಚೆ ಈಜುಕೊಳದಲ್ಲಿ ಅಭ್ಯಾಸ ಆಗಲೇಬೇಕು: ಮೊದಲು ದಡದಲ್ಲಿ ಬಾಯಿಯಿಂದ ಉಸಿರಾಟ, ಆಮೇಲೆ ನಿಂತು ಮುಖ ಮುಳುಗಿಸಿ, ಆಮೇಲೆ ಬೋರಲು ತೇಲಿ, ಕೊನೆಗೆ ಕೊಳವೆಗೆ ನೀರು ನುಗ್ಗಿದಾಗ ‘ಟೂ’ ಎಂದು ಜೋರಾಗಿ ಊದಿ ಹೊರಹಾಕುವುದು. ಹೊಳೆಯಲ್ಲಿ ತಲೆ ಎತ್ತಿದರೆ ಸಾಕು, ಆದರೂ ಊದುವುದು ಗೊತ್ತಿದ್ದರೆ ಗಾಬರಿ ಕಡಿಮೆ.

ಆಲ್ಫರೆಟ್ಟಾ ಪೋಷಕಿ

ಕನ್ನಡಕದ ಮಕ್ಕಳಿಗೆ? ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಬಹುದೇ?

ಕೊಳದ ತರಬೇತಿ

ಲೆನ್ಸ್ ಬೇಡ. ಹೊಳೆ ನೀರಿನ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸ್‌ನ ಅಡಿಗೆ ಸೇರಿದರೆ ಕಾರ್ನಿಯಾಕ್ಕೆ ಕೆಟ್ಟ ಸೋಂಕು ತರಬಲ್ಲದು. ಮಾಸ್ಕ್ ಸೋರುವುದಿಲ್ಲ ಎಂಬ ಖಾತ್ರಿ ಯಾರೂ ಕೊಡಲಾರರು. ಕನ್ನಡಕದ ಕಡ್ಡಿ ಮಾಸ್ಕ್‌ನ ಅಂಚಿನಡಿ ಹಾಯುವುದರಿಂದ ಅದೂ ಆಗದು. ಪವರ್ ಇರುವ ಮಾಸ್ಕ್‌ಗಳು ಅರ್ಧ ಡಯಾಪ್ಟರ್ (ಕನ್ನಡಕದ ಪವರಿನ ಅಳತೆ) ಅಂತರದಲ್ಲಿ ಸಿದ್ಧ ಸಿಗುತ್ತವೆ. ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಇದ್ದರೆ ಎರಡು ಗಾಜಿನ ಮಾಸ್ಕ್ ತೆಗೆದುಕೊಳ್ಳಿ. ನಿಖರ ಅಂಕಿ ಸಿಗದಿದ್ದರೆ ಒಂದು ಹೆಜ್ಜೆ ಕಡಿಮೆಯದು ಸಾಕು.

ಪವರ್ -1.5ರವರೆಗೆ ಇರುವ ಮಕ್ಕಳಿಗೆ ಸಾದಾ ಮಾಸ್ಕ್‌ನಲ್ಲೇ ಹೆಚ್ಚಿನದೆಲ್ಲ ಕಾಣುತ್ತದೆ. ನೀರು ಮತ್ತು ಗಾಳಿಯ ನಡುವೆ ಬೆಳಕು ಬಾಗುವುದರಿಂದ ವಸ್ತುಗಳು ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ತೋರುತ್ತವೆ. ಹೊಳೆಯಲ್ಲಿ ನೋಡುವುದೂ ತೋಳಿನಳತೆಯಲ್ಲೇ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ‘ಒಂದಡಿ ಮೀನು’ ಎಂದು ಕಿರುಚಿದ್ದು ಒಂಬತ್ತು ಅಂಗುಲದ್ದಾಗಿರುತ್ತದೆ, ತರಗತಿಗೆ ಮರಳಿದ ಮೇಲೆ ಒಳ್ಳೆಯ ವಿಜ್ಞಾನ ಪಾಠವೂ ಆಗುತ್ತದೆ.

ದಡದ ಕಾವಲು

24 ಮಕ್ಕಳನ್ನು ಒಟ್ಟಿಗೆ ಇಳಿಸಬೇಡಿ. 12ರಂತೆ ಎರಡು ತಂಡ. ನೀರಿನಲ್ಲಿ ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು. ಮಕ್ಕಳು ಜೋಡಿ ಜೋಡಿ, ಒಬ್ಬರ ಕೈ ಇನ್ನೊಬ್ಬರಿಗೆ ಎಟುಕುವಷ್ಟು ಹತ್ತಿರ. ದಡದಲ್ಲಿ ಎತ್ತರದ ಜಾಗದಲ್ಲಿ ಒಬ್ಬ ಕಾವಲುಗಾರ, ಅವರಿಗೆ ಬೇರೆ ಯಾವ ಕೆಲಸವೂ ಇಲ್ಲ: ಫೋಟೋ ಇಲ್ಲ, ಫೋನ್ ಇಲ್ಲ, ಟವೆಲ್ ಹಂಚುವುದೂ ಇಲ್ಲ. ಇನ್ನೊಬ್ಬರು ಕೆಳಗಡೆ, ಹೊಳೆ ಆಳವಾಗುವ ಮುಂಚಿನ ತಿರುವಿನಲ್ಲಿ, 15 ಮೀಟರ್ ಎಸೆಯುವ ಹಗ್ಗದ ಚೀಲ ಹಿಡಿದು ನಿಂತಿರಬೇಕು. ಪ್ರತಿ ಹತ್ತು ನಿಮಿಷಕ್ಕೆ ಸೀಟಿ, ಎಲ್ಲರೂ ತಲೆ ಎತ್ತಿ ಜೋಡಿಯ ಕೈ ಮೇಲೆತ್ತಬೇಕು, ಆರು ಜೋಡಿ ಎಣಿಕೆಯಾಗಬೇಕು. ಬೋರಲು ಮಲಗಿ ಅಲುಗಾಡದ ಮಗು ಇಲ್ಲಿ ಮಾಮೂಲಿ ದೃಶ್ಯ, ಕಷ್ಟದಲ್ಲಿರುವ ಮಗುವೂ ದೂರಕ್ಕೆ ಹಾಗೆಯೇ ಕಾಣುತ್ತದೆ. ಅದಕ್ಕೇ ಈ ಎಣಿಕೆ.

ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವುದು ಹೊಳೆಯ ನಿಜವಾದ ಅಪಾಯ. ಸೆಳವು ಇರುವ ಕಡೆ ಎದ್ದು ನಿಲ್ಲಲು ಹೋದಾಗ ಪಾದ ಸಂದಿಗೆ ಇಳಿಯುತ್ತದೆ, ನೀರು ಮೈಯನ್ನು ಮುಂದಕ್ಕೆ ದೂಡುತ್ತದೆ, ಮೊಣಕಾಲುದ್ದ ನೀರಿನಲ್ಲೂ ಮುಖ ಮುಳುಗಿ ಹೋಗಬಹುದು. ಮಕ್ಕಳಿಗೆ ಒಂದೇ ನಿಯಮ ಬಾಯಿಪಾಠವಾಗಲಿ: ಸೆಳವಿನಲ್ಲಿ ತೇಲಿದರೆ ಅಂಗಾತ ತಿರುಗು, ಕಾಲು ಮೇಲೆತ್ತಿ ಕೆಳಹರಿವಿನ ಕಡೆಗೆ ಚಾಚು, ಕೈಯಿಂದ ದಡಕ್ಕೆ ಹುಟ್ಟು ಹಾಕು, ಕುಂಡೆ ತಳಕ್ಕೆ ತಾಗಿದ ಮೇಲೆ ಮಾತ್ರ ಏಳು. ಅಡ್ಡಬಿದ್ದ ಮರಗಳ ಹತ್ತಿರ ಯಾರೂ ಹೋಗಬಾರದು. ಕೊಂಬೆಗಳ ನಡುವೆ ನೀರು ನುಸುಳುತ್ತದೆ, ಮೈ ನುಸುಳುವುದಿಲ್ಲ.

ಕಾಲಿಗೆ ಲೇಸ್ ಕಟ್ಟುವ ಹಳೆಯ ಬೂಟು. ಚಪ್ಪಲಿ, ಕ್ರಾಕ್ಸ್ ತೇಲಿಹೋಗುತ್ತವೆ. ಕಾಲ್ಗೆಜ್ಜೆ, ಓಲೆ, ಕೈದಾರ ಮನೆಯಲ್ಲೇ ಇರಲಿ.

ಮಳೆ: ಹಿಂದಿನ ಎರಡು ದಿನಗಳ ಮಳೆ ನೋಡಿ, ಅಂದಿನದಷ್ಟೇ ಅಲ್ಲ. ಕೆಳಭಾಗದಲ್ಲಿ ಈಟನ್ ಊರಿನ ಹತ್ತಿರ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ನೀರಿನ ಮಾಪಕವಿದೆ, ಅದರ ಗ್ರಾಫ್ ಯಾರು ಬೇಕಾದರೂ ನೋಡಬಹುದು. ಗೆರೆ ಏರುತ್ತಿದ್ದರೆ ಪ್ರವಾಸ ಮುಂದೂಡಿ. ಮಾಪಕ ಕೆಳಗಿರುವುದರಿಂದ ಬೆಟ್ಟದ ಮಳೆ ಅದರಲ್ಲಿ ತಡವಾಗಿ ಕಾಣುತ್ತದೆ ಎಂಬುದು ನೆನಪಿರಲಿ. ಸ್ಥಳದಲ್ಲಿ ಸುಲಭ ಪರೀಕ್ಷೆ: ದೊಡ್ಡವರೊಬ್ಬರು ಸೊಂಟಮಟ್ಟದ ನೀರಿನಲ್ಲಿ ನಿಂತು ತಮ್ಮ ಬೂಟಿನ ಲೇಸ್ ನೋಡಲಿ. ಕಾಣದಿದ್ದರೆ ಮಕ್ಕಳನ್ನು ಇಳಿಸಬೇಡಿ, ಏಕೆಂದರೆ ಕಾವಲುಗಾರನಿಗೂ ಮಕ್ಕಳು ಕಾಣುವುದಿಲ್ಲ. ಮಳೆ ತೊಳೆದು ತಂದ ಕೊಳೆಯೂ ಆ ನೀರಿನಲ್ಲಿರುತ್ತದೆ. ಈಜುವ ನೀರಿಗೆ ಅಮೆರಿಕದ ಪರಿಸರ ಸಂಸ್ಥೆಯ 2012ರ ಶಿಫಾರಸಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾದ ಮಿತಿ 100 ಮಿಲಿಲೀಟರಿಗೆ ಸರಾಸರಿ 126. ಮಳೆಯ ಬೆನ್ನಿಗೇ ಹೊಳೆಗಳು ಇದನ್ನು ಸುಲಭವಾಗಿ ದಾಟುತ್ತವೆ. ಗುಡುಗು ಕೇಳಿದರೆ ಎಲ್ಲರೂ ಬಸ್ಸಿಗೆ, ಕೊನೆಯ ಗುಡುಗಿನಿಂದ 30 ನಿಮಿಷ ಯಾರೂ ಇಳಿಯುವಂತಿಲ್ಲ.

ಕ್ಯಾರಿ ಅಪ್ಪ

ಇಷ್ಟೆಲ್ಲ ಯಾಕೆ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಬಿಟ್ಟರೆ ಆಯಿತಲ್ಲ?

ದಡದ ಕಾವಲು

ಈಜು ಬಾರದವರಿಗೆ ಖಂಡಿತ ಹಾಕಿ. ಆದರೆ ಅದರ ಮಿತಿ ತಿಳಿದಿರಲಿ ಸರ್. ದಪ್ಪ ಎದೆಯ ಜಾಕೆಟ್ ಬೋರಲು ಮಲಗಿದ ಮಗುವನ್ನು ಅಂಗಾತ ತಿರುಗಿಸಲು ನೋಡುತ್ತದೆ. ಮಗು ಅದರ ಜೊತೆ ಗುದ್ದಾಡಿ ಕತ್ತು ನೋಯಿಸಿಕೊಂಡು ಐದೇ ನಿಮಿಷದಲ್ಲಿ ಸಾಕು ಎನ್ನುತ್ತದೆ. ಸಡಿಲವಾಗಿದ್ದರೆ ಕಿವಿಯವರೆಗೆ ಮೇಲೇರುತ್ತದೆ. ಹುಟ್ಟುದೋಣಿಯವರು ಹಾಕುವ, ಬಗಲು ತೆರೆದ ತೆಳು ಜಾಕೆಟ್ ತರಿಸಿ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿದಾಗ ಗಲ್ಲಕ್ಕೆ ತಾಗಬಾರದು, ಅದೇ ಅಳತೆ. ಈಜು ಬರುವ ಮಕ್ಕಳಿಗೆ 3 ಮಿ.ಮೀ. ವೆಟ್‌ಸೂಟ್ (ರಬ್ಬರಿನಂಥ ದಪ್ಪ ಈಜುಡುಗೆ) ತಕ್ಕಮಟ್ಟಿಗೆ ತೇಲಿಸುತ್ತದೆ. ಅದು ಜಾಕೆಟ್‌ಗೆ ಬದಲಿಯಲ್ಲ, ಆದರೆ ತೊಡೆಮಟ್ಟದ ನೀರಿಗೆ ಸಾಕು. ಜಾಕೆಟ್ ಇದೆಯೆಂದು ಕಾವಲು ಕಡಿಮೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಾಲು ಸಂದಿಗೆ ಸಿಕ್ಕಿದಾಗ ಜಾಕೆಟ್ ಏನೂ ಮಾಡಲಾರದು.

ಹೊಳೆದಂಡೆ

ಚಳಿಯ ಮಾತು ಸೇರಿಸುತ್ತೇನೆ. ಮೇ ತಿಂಗಳಲ್ಲಿ ಆ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಹಲವು ದಿನ ಅದಕ್ಕಿಂತ ಕೆಳಗೇ ಇರುತ್ತದೆ. ಕೇಳಲು ಹಿತವಾಗಿದೆ, ಆದರೆ ನೀರು ಗಾಳಿಗಿಂತ 25 ಪಟ್ಟು ಹೆಚ್ಚು ಶಾಖ ಸೆಳೆಯುತ್ತದೆ, ಮಕ್ಕಳು ಅಲುಗಾಡದೆ ಮಲಗಿರುತ್ತಾರೆ, ತೆಳು ಮೈಯವರು ಮೊದಲು ನಡುಗುತ್ತಾರೆ. ಉದ್ದ ತೋಳು, ಉದ್ದ ಕಾಲಿನ 3 ಮಿ.ಮೀ. ವೆಟ್‌ಸೂಟ್ ಮೈಗೆ ಅಂಟುವಂತಿರಬೇಕು. ಕುತ್ತಿಗೆ, ಸೊಂಟದಲ್ಲಿ ಸಡಿಲವಿದ್ದರೆ ತಣ್ಣೀರು ಒಳಗೇ ಓಡಾಡುತ್ತದೆ. ಒಳಗೆ ಹತ್ತಿ ಬಟ್ಟೆ ಬೇಡ. ಮೊದಲ ಸುತ್ತು 25 ನಿಮಿಷ, ಗರಿಷ್ಠ 40. ತುಟಿ ನೀಲಿಯಾಗುವವರೆಗೆ ಕಾಯಬೇಡಿ. ಇಷ್ಟೊತ್ತು ಕೂಗುತ್ತಿದ್ದ ಮಗು ಮೌನವಾಯಿತೆಂದರೆ, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಟ್ಟರೆ, ಹೊರಗೆ ಕರೆಯಿರಿ. ‘ಚಳಿ ಇಲ್ಲ’ ಎಂದು ಅದು ಹೇಳಿಯೇ ಹೇಳುತ್ತದೆ. ಒಣ ಬಟ್ಟೆ, ಟೋಪಿ, ಥರ್ಮೋಸ್‌ನಲ್ಲಿ ಬಿಸಿ ಹಾಲು. ತಿಂಡಿಗೆ ಕಡಲೆಬೀಜದ ಚಿಕ್ಕಿ ಕಟ್ಟಬೇಡಿ, ತರಗತಿಯಲ್ಲಿ ಶೇಂಗಾ ಅಲರ್ಜಿಯ ಮಕ್ಕಳಿರಬಹುದು.

ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿ ನೀರಿಗಿಳಿಸಬೇಡಿ. ವೆಟ್‌ಸೂಟ್ ಮೈ ಮುಚ್ಚುತ್ತದೆ, ಕತ್ತಿನ ಹಿಂಭಾಗಕ್ಕೆ ಬಟ್ಟೆ ಸಾಕು.

ಮೀನುಗಣ್ಣು

ಈಗ ನೋಡುವ ವಿಷಯ. ಇಳಿದ ಕೂಡಲೇ ಏನೂ ಕಾಣುವುದಿಲ್ಲ, ಎಲ್ಲ ಬೆದರಿ ಓಡಿರುತ್ತವೆ. ಕಲ್ಲು ಹಿಡಿದು ಮೂರು ನಾಲ್ಕು ನಿಮಿಷ ಸ್ತಬ್ಧವಾಗಿ ಮಲಗಬೇಕು. ಮೊದಲು ವಾಪಸು ಬರುವುದು ಸನ್‌ಫಿಶ್‌ಗಳು, ಅಂಗೈಯಗಲದ ಚಪ್ಪಟೆ ಮೀನು, ಮಾಸ್ಕ್‌ನ ಗಾಜಿನವರೆಗೂ ಬಂದು ನೋಡುತ್ತವೆ. ಆಮೇಲೆ ಶೈನರ್ ಎಂಬ ಸಣ್ಣ ಮೀನುಗಳ ಗುಂಪು ನಡುನೀರಿನಲ್ಲಿ ನಿಲ್ಲುತ್ತದೆ. ಅಲಬಾಮಾ ಶೈನರ್, ಟ್ರೈಕಲರ್ ಶೈನರ್ ಎರಡರ ಗಂಡುಗಳೂ ಬೆದೆಯ ಕಾಲದಲ್ಲಿ ರೆಕ್ಕೆಗಳಿಗೆ ಬಣ್ಣ ತಳೆಯುತ್ತವೆ.

ತಳದಲ್ಲಿ ಹಾಗ್ ಸಕ್ಕರ್ ಎಂಬ ಮೀನನ್ನು ಹುಡುಕಿ. ಬಾಯಿ ಕೆಳಮುಖ, ಮೈ ಕಲ್ಲಿನದೇ ಬಣ್ಣ, ಅಲುಗಾಡುವ ತನಕ ಕಾಣುವುದೇ ಇಲ್ಲ. ಅದು ಮೂತಿಯಿಂದ ಜಲ್ಲಿ ಕೆದಕುತ್ತಾ ಹೋಗುವಾಗ ಹಿಂದೆಯೇ ಸಣ್ಣ ಶೈನರ್‌ಗಳು ಸಾಲುಗಟ್ಟಿ, ಎದ್ದ ಹುಳುಗಳನ್ನು ಹೆಕ್ಕುತ್ತವೆ. ಒಂದು ಸಕ್ಕರ್ ಸಿಕ್ಕಿತೆಂದರೆ ಅದರ ಹಿಂದೆ ಎರಡು ಮೀಟರ್ ಅಂತರದಲ್ಲಿ ನಿಂತುಬಿಡಿ, ಹತ್ತು ನಿಮಿಷ ಬೇರೆ ಕಡೆ ಹೋಗುವುದೇ ಬೇಡ. ಲಾಗ್‌ಪರ್ಚ್ ಇನ್ನೂ ಚೆಂದ: ಪಟ್ಟೆಪಟ್ಟೆ ಮೈಯ ಬೆರಳುದ್ದದ ಮೀನು, ಮೂತಿಯನ್ನು ಕಲ್ಲಿನಡಿ ತೂರಿಸಿ ಮಗುಚಿಹಾಕಿ ಅಡಿಯ ಹುಳು ತಿನ್ನುತ್ತದೆ. ಇದರ ಸೋದರ ಜಾತಿ ಕೊನಸಾಗಾ ಲಾಗ್‌ಪರ್ಚ್ ಜಗತ್ತಿನಲ್ಲಿ ಈ ಹೊಳೆಯೊಂದರಲ್ಲೇ ಇರುವುದು. ಅದನ್ನೂ ಆಂಬರ್ ಡಾರ್ಟರ್ ಎಂಬ ತಳದ ಸಣ್ಣ ಮೀನನ್ನೂ 1985ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು, ಬ್ಲೂ ಶೈನರ್ 1992ರಿಂದ ಅಪಾಯದಂಚಿನ ಪಟ್ಟಿಯಲ್ಲಿದೆ. ಇವನ್ನು ಹಿಡಿಯುವುದು, ಕಾಡುವುದು ಕಾನೂನಿನ ಪ್ರಕಾರ ಅಪರಾಧ. ಮಕ್ಕಳ ಕೈಗೆ ಬಲೆ ಕೊಡಲೇಬಾರದು.

ಆಳದ ಮಡುವಿನ ಅಂಚಿನಲ್ಲಿ ಫ್ರೆಶ್‌ವಾಟರ್ ಡ್ರಮ್ ಎಂಬ ಬೂದುಬಣ್ಣದ ದೊಡ್ಡ ಮೀನುಗಳು ಗುಂಪಾಗಿ ನಿಂತಿರುತ್ತವೆ. ಗಂಡುಗಳು ಗಾಳಿಚೀಲವನ್ನು ಸ್ನಾಯುವಿನಿಂದ ಕಂಪಿಸಿ ಗುರುಗುಟ್ಟುತ್ತವೆ, ಮೇ-ಜೂನ್‌ನಲ್ಲಿ ಕಿವಿ ನೀರೊಳಗಿದ್ದರೆ ಕೇಳಿಸಬಹುದು. ಮಕ್ಕಳನ್ನು ಮಡುವಿಗೆ ಕಳಿಸದೆ, ಅಂಚಿನ ಆಳವಿಲ್ಲದ ಕಡೆಯಿಂದಲೇ ನೋಡಿಸಿ.

ಕಪ್ಪೆಚಿಪ್ಪುಗಳು ಜಲ್ಲಿಯಲ್ಲಿ ಅರ್ಧ ಹೂತು, ಸಣ್ಣ ಸೀಳಿನಷ್ಟೇ ಕಾಣುತ್ತವೆ. ಇವುಗಳ ಮರಿಗಳು ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯಬೇಕು. ಅದಕ್ಕಾಗಿ ಫೈನ್‌ಲೈನ್ಡ್ ಪಾಕೆಟ್‌ಬುಕ್ ಎಂಬ ಜಾತಿ ತನ್ನ ಮರಿಗಳ ಗಂಟನ್ನು ಸಣ್ಣ ಮೀನಿನ ಆಕಾರದಲ್ಲಿ, ಉದ್ದನೆಯ ಲೋಳೆಯ ದಾರದ ತುದಿಗೆ ಕಟ್ಟಿ ಹರಿವಿಗೆ ಬಿಡುತ್ತದೆ. ಬಾಸ್ ಮೀನು ಬೇಟೆಯೆಂದು ಕಚ್ಚಿದಾಗ ಗಂಟು ಒಡೆದು ಮರಿಗಳು ಕಿವಿರಿಗೆ ಹತ್ತುತ್ತವೆ. ಮೀನು ಹೋದರೆ ಚಿಪ್ಪೂ ಹೋಗುತ್ತದೆ ಎನ್ನುವುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವುದು ಸಾಧ್ಯವಿಲ್ಲ.

ಹಾವು: ಅಲ್ಲಿ ಕಾಣುವುದು ನೀರುಹಾವು, ನಮ್ಮ ಒಳ್ಳೆಹಾವಿನ ಹಾಗೆ ವಿಷವಿಲ್ಲದ್ದು. ಜನ ಅದನ್ನು ವಿಷದ ಕಾಟನ್‌ಮೌತ್ ಹಾವೆಂದು ಹೆದರುತ್ತಾರೆ, ಆದರೆ ಅದು ಈ ಬೆಟ್ಟಸೀಮೆಯದಲ್ಲ. ದಡದ ಕಲ್ಲುಪೊಟರೆಗಳಲ್ಲಿ ಕಾಪರ್‌ಹೆಡ್ ಹಾವು ಇರುತ್ತದೆ, ಅದಕ್ಕೆ ವಿಷವಿದೆ. ಆದ್ದರಿಂದ ದಡದಲ್ಲಿ ಕೈಯಿಡುವ ಜಾಗ ನೋಡಿ ಇಡಬೇಕು.

ಕ್ಯಾರಿ ಅಪ್ಪ

ನಾರ್ತ್ ಕ್ಯಾರೊಲಿನಾ ಕಡೆ ಹೆಲ್‌ಬೆಂಡರ್ ಎನ್ನುವ ದೊಡ್ಡ ಸಲಮಾಂಡರ್ (ಹಲ್ಲಿಯಾಕಾರದ ಉಭಯಚರ) ಇದೆಯಲ್ಲ, ಅದು ಇಲ್ಲಿ ಸಿಗುತ್ತದೆಯೇ? ಕಲ್ಲೆತ್ತಿ ನೋಡಿದರೆ ಸಿಗಡಿಯಂಥ ಕ್ರೇಫಿಶ್ ಕೂಡ ಸಿಗುತ್ತದೆ, ಮಕ್ಕಳಿಗೆ ಅದೇ ಖುಷಿ.

ಮೀನುಗಣ್ಣು

ಕೊನಸಾಗಾದಲ್ಲಿ ಇಲ್ಲ. ಅದು ಕೂಸಾ ಕೊಳ್ಳದ ಹೊಳೆ. ಹೆಲ್‌ಬೆಂಡರ್ ಇರುವುದು ಬೆಟ್ಟದ ಆಚೆ ಬದಿ, ಟೆನೆಸಿ ನದಿಗೆ ಸೇರುವ ಹೈವಾಸಿ, ಟೆಲಿಕೋ ಕಡೆ. ಎರಡೂವರೆ ಅಡಿಯವರೆಗೂ ಬೆಳೆಯುವ ಪ್ರಾಣಿ, ಚರ್ಮದಿಂದಲೇ ಉಸಿರಾಡುತ್ತದೆ. 2024ರ ಡಿಸೆಂಬರ್‌ನಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವ ಪ್ರಸ್ತಾವ ಬಂತು.

ಕಲ್ಲೆತ್ತುವುದನ್ನು ಮಾತ್ರ ಎಲ್ಲಿಯೂ ಬೇಡ, ದಯವಿಟ್ಟು. ಹೊಳೆಯ ಕಲ್ಲಿನ ಅಡಿಭಾಗವೇ ಡಾರ್ಟರ್ ಮೀನು, ಹೆಲ್‌ಬೆಂಡರ್ ಮೊಟ್ಟೆಯಿಡುವ ಕೋಣೆ. ‘ವಾಪಸು ಇಟ್ಟೆವಲ್ಲ’ ಎಂದರೂ ಅಡಿಯ ಸಂದು ಮೊದಲಿನಂತೆ ಕೂರುವುದಿಲ್ಲ, ಮೊಟ್ಟೆ ಜಜ್ಜಿಹೋಗಿರುತ್ತದೆ ಇಲ್ಲವೇ ಹರಿವಿಗೆ ಕೊಚ್ಚಿಹೋಗಿರುತ್ತದೆ. ಗ್ರೇಟ್ ಸ್ಮೋಕಿ ರಾಷ್ಟ್ರೀಯ ಉದ್ಯಾನದಲ್ಲಿ ಹೊಳೆಗಲ್ಲು ಸರಿಸುವುದು ನಿಷಿದ್ಧ. ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಫೋಟೋ ತೆಗೆಯುವುದೂ ಇದೇ ಹಾನಿ. ಕ್ರೇಫಿಶ್ ನೋಡಬೇಕೆಂದರೆ ಕಲ್ಲಿನ ಪಕ್ಕದ ನೆರಳಿನಲ್ಲಿ ಎರಡು ಮೀಸೆ ಹುಡುಕಲು ಹೇಳಿ. ಕಾದರೆ ಅದೇ ಹೊರಬರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಓದಿ ಬಹಳ ಸಂತೋಷವಾಯಿತು. ಇದನ್ನು ನಮ್ಮ ಶಾಲೆಯ ಮಕ್ಕಳಿಗೆ ತುಂಗೆಯಲ್ಲೋ ಹತ್ತಿರದ ಹಳ್ಳದಲ್ಲೋ ಮಾಡಿಸಬಹುದೇ? ಡಿಸೆಂಬರ್‌ನಿಂದ ನೀರು ತಿಳಿಯಾಗಿರುತ್ತದೆ.

ಹೊಳೆದಂಡೆ

ಮೇಷ್ಟ್ರೇ, ಮಕ್ಕಳನ್ನು ಹೊಳೆಗಿಳಿಸುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ನೀರಿನ ತಿಳಿ ಒಂದೇ ಸಾಲದು. ಕಾಳಿ, ಕಾವೇರಿ, ಕೃಷ್ಣಾ, ತುಂಗಭದ್ರೆಗಳಲ್ಲಿ ಮೊಸಳೆಯಿದೆ. ಮರಳು ತೆಗೆದ ಕಡೆ ಮೊಣಕಾಲಿನಿಂದ ಆಳೆತ್ತರಕ್ಕೆ ಒಂದೇ ಹೆಜ್ಜೆಯಲ್ಲಿ ಇಳಿಯುವ ಗುಂಡಿಗಳಿವೆ, ಮೇಲಿನಿಂದ ಗೊತ್ತಾಗುವುದಿಲ್ಲ. ಅಣೆಕಟ್ಟಿನ ಕೆಳಗೆ ಹೇಳದೆ ನೀರು ಏರುತ್ತದೆ. ಮಲೆನಾಡು, ಕರಾವಳಿಯಲ್ಲಿ ಇಲಿಜ್ವರದ ಭಯ, ಕಾಲಿನ ಗೀರು ಗಾಯವೇ ಅದರ ದಾರಿ. ತರಬೇತಾದ ರಕ್ಷಕರಾಗಲಿ, ಹಗ್ಗ ಜಾಕೆಟ್‌ಗಳಾಗಲಿ ಬಹುತೇಕ ಶಾಲೆಗಳ ಕೈಗೆಟುಕುವುದಿಲ್ಲ. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ನೋಡುವುದಕ್ಕೆ ಮಾತ್ರ ನಿಮ್ಮಲ್ಲೇ ಒಳ್ಳೆಯ ಜಾಗಗಳಿವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲು, ಶಿಶಿಲದಲ್ಲಿ ಕಪಿಲೆ: ದೇವರ ಮೀನೆಂದು ಹಿಡಿಯದೆ ಬಿಟ್ಟ ಮಹಶೀರ್‌ಗಳು ಮೆಟ್ಟಿಲಿನ ಬುಡಕ್ಕೇ ಬರುತ್ತವೆ. ಮಂಡಕ್ಕಿ ಎಸೆಯದೆ ಹದಿನೈದು ನಿಮಿಷ ಸುಮ್ಮನೆ ಕೂತು, ಅವು ಕಲ್ಲಿನ ಪಾಚಿ ಮೇಯುವುದನ್ನು ನೋಡಿಸಿ. ಪಾದ ಮುಳುಗುವಷ್ಟೇ ನೀರಿರುವ ಹಳ್ಳಕ್ಕೆ, ತಳ ಪಾರದರ್ಶಕವಾದ ‘ನೋಡುವ ಬಕೆಟ್’ ಮಾಡಿಕೊಳ್ಳಿ, ದಡದಲ್ಲಿ ಮೊಣಕಾಲೂರಿ ನೋಡಬಹುದು.

ತೀರ್ಥಹಳ್ಳಿ ಮೇಷ್ಟ್ರು

ಬಕೆಟ್ ಮಾಡುವ ಬಗೆ ತಿಳಿಸಿ. ಒಮ್ಮೆ ಯಾರೋ ಸಿಲಿಕೋನ್ ಹಚ್ಚಿ ಮಾಡಿದ್ದು ನೋಡಿದ್ದೆ, ಸೋರುತ್ತಿತ್ತು.

ಮೀನುಗಣ್ಣು

ಸೋರುವುದಕ್ಕೆ ಕಾರಣ ಬಕೆಟ್‌ನ ಪ್ಲಾಸ್ಟಿಕ್. ಪಾಲಿಥೀನ್, ಪಾಲಿಪ್ರೊಪಿಲೀನ್‌ಗೆ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಎರಡು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಅದನ್ನು ಅಂಟೆಂದು ನಂಬದೆ ವಾಷರ್‌ನಂತೆ ಬಳಸಿ, ಹಿಡಿತವನ್ನು ಬೋಲ್ಟ್‌ಗಳಿಗೆ ಬಿಡಿ.

10 ಲೀಟರಿನ ಗಟ್ಟಿ ಬಕೆಟ್, ತಳ ಚಪ್ಪಟೆಯಾಗಿರಬೇಕು. ಸುತ್ತ 2 ಸೆಂ.ಮೀ. ಅಂಚು ಉಳಿಸಿ ತಳ ಕತ್ತರಿಸಿ. 4 ಮಿ.ಮೀ. ಪಾರದರ್ಶಕ ಆಕ್ರಿಲಿಕ್ ಹಾಳೆಯನ್ನು ತಳದ ಹೊರ ಅಳತೆಗೆ ಕತ್ತರಿಸಿ, ಅದನ್ನು ಒಳಗಿನಿಂದಲ್ಲ, ಹೊರಗಿನಿಂದ ಕೂರಿಸಿ. ಹೊರಗಿದ್ದರೆ ನೀರಿನ ಒತ್ತಡ ಹಾಳೆಯನ್ನು ಅಂಚಿಗೇ ಒತ್ತಿ ಹಿಡಿಯುತ್ತದೆ, ಒಳಗಿದ್ದರೆ ಕಿತ್ತು ಮೇಲೆತ್ತುತ್ತದೆ. ಅಂಚನ್ನು ಮರಳುಕಾಗದದಿಂದ ಉಜ್ಜಿ, ಮೀನಿನ ತೊಟ್ಟಿಗೆ ಬಳಸುವ ಸಿಲಿಕೋನನ್ನು 5 ಮಿ.ಮೀ. ದಪ್ಪದ ಎಳೆಯಾಗಿ ಸುತ್ತ ಎಲ್ಲೂ ಬಿಡದಂತೆ ಹಾಕಿ. ಶಿಲೀಂಧ್ರನಾಶಕ ಬೆರೆತ ಬಚ್ಚಲುಮನೆಯ ಸಿಲಿಕೋನ್ ಬೇಡ. 4 ಮಿ.ಮೀ.ನ ಎಂಟು ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ತೂತು ಕೊರೆಯುವಾಗ ಆಕ್ರಿಲಿಕ್‌ನ ತೂತು ಅರ್ಧ ಮಿ.ಮೀ. ದೊಡ್ಡದಿರಲಿ, ಇಲ್ಲದಿದ್ದರೆ ಬಿಗಿಯುವಾಗ ಬಿರುಕು ಬಿಡುತ್ತದೆ. ಮೊದಲ ದಿನ ಸಿಲಿಕೋನ್ ಸ್ವಲ್ಪ ಹೊರ ಬರುವಷ್ಟೇ ಬಿಗಿಯಿರಿ, 24 ಗಂಟೆ ಒಣಗಿದ ಮೇಲೆ ಇನ್ನು ಕಾಲು ಸುತ್ತು. ಒಳಗೋಡೆಗೆ ಕಪ್ಪು ಬಣ್ಣ ಬಳಿದರೆ ಆಕಾಶದ ಪ್ರತಿಬಿಂಬ ಕಾಟ ಕೊಡುವುದಿಲ್ಲ. ಬಳಸುವ ಮೊದಲು ಒಳಗೆ ಒಣ ದಿನಪತ್ರಿಕೆ ಹಾಸಿ, ತೊಟ್ಟಿಯಲ್ಲಿ ಅರ್ಧ ಗಂಟೆ ಒತ್ತಿಡಿ. ಸೋರುವ ಜಾಗ ಕಾಗದದ ಮೇಲೇ ತೋರುತ್ತದೆ.

ಮಕ್ಕಳು 5 ಸೆಂ.ಮೀ.ಗಿಂತ ಹೆಚ್ಚು ಮುಳುಗಿಸಬೇಕಿಲ್ಲ. 25 ಸೆಂ.ಮೀ. ಅಗಲದ ತಳವನ್ನು 10 ಸೆಂ.ಮೀ. ಒತ್ತಿದರೆ ನೀರು ಸುಮಾರು 5 ಕೆ.ಜಿ. ಬಲದಿಂದ ಮೇಲೆ ತಳ್ಳುತ್ತದೆ, ಚಿಕ್ಕ ಮಕ್ಕಳು ಅದರ ಮೇಲೆ ಒರಗಿ ಜಾರುತ್ತಾರೆ. ಹಾಳೆಗೆ ಮರಳು ಅಂಟಿದ್ದಾಗ ಬಟ್ಟೆಯಲ್ಲಿ ಒರೆಸಬೇಡಿ, ನೀರು ಸುರಿದು ಇಳಿಸಿ.

ಆಲ್ಫರೆಟ್ಟಾ ಪೋಷಕಿ

ಎಲ್ಲರಿಗೂ ಧನ್ಯವಾದ. ಶಿಕ್ಷಕಿಯ ಜೊತೆ ಮಾತಾಡಿದೆ, ಸೆಪ್ಟೆಂಬರ್‌ಗೆ ಬದಲಿಸುವ ಬಗ್ಗೆ ಕೇಳುತ್ತಾರಂತೆ. ಬಾಡಿಗೆ ಸಲಕರಣೆ ತೊಳೆಯುವುದು ನಮ್ಮ ಪಾಲಿಗೆ ಬಂದಿದೆ. ಪೋಷಕರ ಒಪ್ಪಿಗೆ ಪತ್ರದಲ್ಲಿ ಏನು ಕೇಳಬೇಕು ಎಂದೂ ಹೇಳಿ.

ಕೊಳದ ತರಬೇತಿ

ಒಪ್ಪಿಗೆ ಪತ್ರದಲ್ಲಿ ‘ಈಜು ಬರುತ್ತದೆಯೇ’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ‘ನಿಲ್ಲದೆ 25 ಮೀಟರ್ ಈಜಿ, ಒಂದು ನಿಮಿಷ ತೇಲಬಲ್ಲರೇ’ ಎಂದು ಕೇಳಿ, ಕೊಳದ ಅಭ್ಯಾಸದ ದಿನ ಕಣ್ಣಾರೆ ನೋಡಿ. ಉಬ್ಬಸ, ಅಪಸ್ಮಾರ, ಕಿವಿಯಲ್ಲಿ ನಳಿಕೆ, ಜೇನ್ನೊಣದ ಅಲರ್ಜಿ, ಎತ್ತರ, ತೂಕ, ಪಾದದ ಅಳತೆ ಬರೆಸಿ. ಅಪಸ್ಮಾರವಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ನೀರಿಲ್ಲ. ಇನ್‌ಹೇಲರ್, ಎಪಿಪೆನ್ (ಅಲರ್ಜಿಯ ತುರ್ತು ಚುಚ್ಚುಮದ್ದು) ಬಸ್ಸಿನಲ್ಲಲ್ಲ, ದಡದ ಒಣಚೀಲದಲ್ಲಿ ಹೆಸರು ಬರೆದು ಇಡಿ. ಕಣಿವೆಯಲ್ಲಿ ಫೋನ್ ಸಿಗ್ನಲ್ ನೆಚ್ಚುವಂತಿಲ್ಲ, ಉಪಗ್ರಹ ಸಂದೇಶ ಸಾಧನ ಒಂದು ಇರಲಿ. ಗುಂಪಿನಲ್ಲಿ 75 ಅಥವಾ ಹೆಚ್ಚು ಜನರಿದ್ದರೆ ಅರಣ್ಯ ಸೇವೆಯ ಪರವಾನಗಿ ಬೇಕು, ನಿಮಗೆ ಅನ್ವಯಿಸದು.

ತೊಳೆಯುವುದು: ಮೊದಲು ದಡದಲ್ಲೇ ಬೂಟು, ಸೂಟುಗಳ ಮಣ್ಣು, ಪಾಚಿ, ಎಲೆಚೂರು ಕಿತ್ತು ಅಲ್ಲೇ ಬಿಡಿ. ಬೂಟಿನ ಲೇಸ್ ಬಿಚ್ಚಿ ನಾಲಿಗೆ ಎತ್ತಿ ನೋಡಿ. ಒಂದು ಹೊಳೆಯ ಪಾಚಿ, ರೋಗಾಣು ಇನ್ನೊಂದು ಹೊಳೆಗೆ ಹೋಗುವುದು ಈ ಬೂಟುಗಳಲ್ಲೇ. ಮನೆಯಲ್ಲಿ ಪಾತ್ರೆ ಸೋಪಿನ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಮುಟ್ಟಿದಾಗ ಒಣಗಿದೆ ಎನಿಸಿದ ಮೇಲೂ 48 ಗಂಟೆ ಬಿಡಿ. ಸ್ನಾರ್ಕಲ್‌ಗಳಿಗೆ 4 ಲೀಟರ್ ನೀರಿಗೆ 15 ಮಿಲಿಲೀಟರ್ ಸಾದಾ ಬ್ಲೀಚ್, ಎರಡು ಮೂರು ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಒಂದೇ ದಿನ ಎರಡು ತಂಡಗಳಿಗೆ ಒಂದೇ ಕೊಳವೆ ಕೊಡಬೇಡಿ, 24 ಕೊಳವೆಗೂ ಬಣ್ಣದ ಟೇಪ್ ಸುತ್ತಿ ಹೆಸರು ಬರೆಯಿರಿ. ವೆಟ್‌ಸೂಟನ್ನು ಒಳಮೈ ಹೊರಗೆ ಮಾಡಿ, ಸೊಂಟದಲ್ಲಿ ಮಡಚಿ ದಪ್ಪ ಕೋಲಿಗೆ ನೇತುಹಾಕಿ, ನೆರಳಿನಲ್ಲಿ. ತೆಳು ಹ್ಯಾಂಗರಿಗೆ ಹೆಗಲು ಜಗ್ಗುತ್ತದೆ, ಡ್ರೈಯರ್‌ಗೆ ಹಾಕಿದರೆ ಹೊಲಿಗೆಯ ಅಂಟು ಬಿಡುತ್ತದೆ.